ಅಡಿಟಿಪ್ಪಣಿ ಹಿಡಿದು ಹೊರಟರೆ ಪುಸ್ತಕ ಸಿಗಬೇಕು

ಎಂ.ಎ. ಸಂಪ್ರಬಂಧವಿರಲಿ, ಪಿಎಚ್.ಡಿ. ಮಹಾಪ್ರಬಂಧವಿರಲಿ, ಕರಡು ಕೈಗೆ ಬಂದಾಗ ನಾನು ಮೊದಲು ತೆರೆಯುವುದು ಕೊನೆಯ ಪುಟಗಳನ್ನು. ಪೀಠಿಕೆ, ಅಧ್ಯಾಯ, ಸಮಾರೋಪ ಎಲ್ಲ ಆಮೇಲೆ. ಗ್ರಂಥಋಣದ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಸಾಕು, ಯಾವ ಪುಸ್ತಕವನ್ನು ಕೈಯಲ್ಲಿ ಹಿಡಿದು ಓದಿದ್ದಾರೆ, ಯಾವುದನ್ನು ಇನ್ನೊಬ್ಬರ ಪಟ್ಟಿಯಿಂದ ಎತ್ತಿಕೊಂಡಿದ್ದಾರೆ ಎಂಬುದು ಹೆಚ್ಚುಕಡಿಮೆ ತಿಳಿದುಹೋಗುತ್ತದೆ. ಪರೀಕ್ಷಕರಲ್ಲೂ ಅನೇಕರು ಹೀಗೇ ಓದುತ್ತಾರೆ. ವೈವಾದ ಮೊದಲ ಪ್ರಶ್ನೆ ಆ ಪಟ್ಟಿಯಿಂದಲೇ ಬರುವುದುಂಟು.

ಕನ್ನಡ ವಿಭಾಗದಲ್ಲಿ ಈ ಕೆಲಸಕ್ಕೆ ಅದರದೇ ತೊಡಕುಗಳಿವೆ. ಎಂಎಲ್‌ಎ, ಎಪಿಎ, ಶಿಕಾಗೊ ಕೈಪಿಡಿಗಳನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಹೆಸರು. ನಮ್ಮ ವಿದ್ಯಾರ್ಥಿಯ ಮುಂದಿರುವುದು ಶಾಸನ, ವಚನ, ಚಂಪೂಕಾವ್ಯ, ಎಂದೋ ನಿಂತುಹೋದ ತ್ರೈಮಾಸಿಕ, ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯ. ಕೈಪಿಡಿ ಬಾಯಿ ಮುಚ್ಚಿಕೊಳ್ಳುವ ಕಡೆ ನಾವೇ ನಿರ್ಧಾರ ಮಾಡಬೇಕಾಗುತ್ತದೆ. ಅಂಥ ನಿರ್ಧಾರಗಳನ್ನು ಮಾಡುತ್ತ ಕಲಿತ ಪಾಠಗಳಿವು.

1. ಮೊದಲು ವಿಳಾಸ, ಆಮೇಲೆ ಅಲ್ಪವಿರಾಮ

“ಸಾರ್, ಹೆಸರಾದ ಮೇಲೆ ಕಾಮಾನೋ ಫುಲ್‌ಸ್ಟಾಪೋ?” ಕರಡು ತಂದವರು ಸಾಮಾನ್ಯವಾಗಿ ಮೊದಲು ಕೇಳುವುದು ಇದನ್ನೇ. ಉತ್ತರ ಹೇಳುವ ಮೊದಲು ಅವರದೇ ಒಂದು ಅಡಿಟಿಪ್ಪಣಿಯನ್ನು ತೋರಿಸಿ, ‘ಇದನ್ನು ಹಿಡಿದು ಲೈಬ್ರರಿಗೆ ಹೋಗಿ ಆ ಸಾಲನ್ನು ತೆಗೆದುಕೊಂಡು ಬನ್ನಿ’ ಎನ್ನುತ್ತೇನೆ. ‘ಕಲಬುರ್ಗಿ, ಮಾರ್ಗ, ಪು. 112’ ಎಂದು ಬರೆದವರು ಕಪಾಟಿನ ಮುಂದೆ ನಿಂತುಬಿಡುತ್ತಾರೆ. ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಹಲವು ಸಂಪುಟಗಳಲ್ಲಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ನಾಲ್ಕನೆಯದಕ್ಕೆ. ಇವರು ಓದಿದ್ದು ಎಷ್ಟನೆಯದು?

ಅಡಿಟಿಪ್ಪಣಿ ಓದುಗರಿಗೆ ಕೊಡುವ ವಿಳಾಸ. ಅದು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕು: ಮಾತು ಯಾರದು, ಯಾವ ಪುಸ್ತಕದ ಯಾವ ಮುದ್ರಣದಲ್ಲಿದೆ, ಅದರೊಳಗೆ ಎಲ್ಲಿದೆ. ಈ ಮೂರೂ ಸರಿಯಿದ್ದರೆ ಅಲ್ಪವಿರಾಮದ ತಪ್ಪನ್ನು ಪ್ರೂಫ್ ನೋಡುವವರು ತಿದ್ದಿಯಾರು. ಇವು ಇಲ್ಲದಿದ್ದರೆ ತಿದ್ದುವುದಕ್ಕೆ ಯಾರಿಂದಲೂ ಆಗದು, ಪುಸ್ತಕ ಮತ್ತೆ ತರಿಸಿಯೇ ನೋಡಬೇಕು.

2. ಯಾವ ಕ್ರಮವಾದರೂ ಸರಿ, ಕೊನೆತನಕ ಅದೇ ಇರಲಿ

ಎಪಿಎ ಆವರಣದಲ್ಲಿ ಲೇಖಕನ ಹೆಸರನ್ನೂ ವರ್ಷವನ್ನೂ ಕೇಳುತ್ತದೆ. ಸಮಾಜಶಾಸ್ತ್ರ, ಶಿಕ್ಷಣ, ಮನೋವಿಜ್ಞಾನದವರಿಗೆ ಒಗ್ಗುತ್ತದೆ, ಏಕೆಂದರೆ ಸಂಶೋಧನೆ ಎಷ್ಟು ಹೊಸದು ಎಂಬುದು ಅಲ್ಲಿ ಮುಖ್ಯ. ಎಂಎಲ್‌ಎ ಹೆಸರನ್ನೂ ಪುಟವನ್ನೂ ಕೇಳುತ್ತದೆ. ಪಠ್ಯದ ಸಾಲನ್ನೇ ಹಿಡಿದು ಮಾತಾಡುವ ಸಾಹಿತ್ಯದವರಿಗೆ ಅದು ಹೊಂದುತ್ತದೆ. ಶಿಕಾಗೊ ಪದ್ಧತಿಯ ಅಡಿಟಿಪ್ಪಣಿ ಇತಿಹಾಸದವರ ರೂಢಿ. ಕನ್ನಡ ಸಂಶೋಧನೆ ಹೆಚ್ಚಾಗಿ ಅಡಿಟಿಪ್ಪಣಿಯನ್ನೇ ನೆಚ್ಚಿಕೊಂಡು ಬಂದಿದೆ. ನಮ್ಮ ಶಾಸನ, ಹಸ್ತಪ್ರತಿ, ಪಾಠಾಂತರಗಳ ವಿವರ ಆವರಣದೊಳಗೆ ಹಿಡಿಸುವುದಿಲ್ಲ.

ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನು ಹೇಳುತ್ತದೋ ಅದೇ ಮೊದಲು. ಅದು ಸುಮ್ಮನಿದ್ದರೆ ಮಾರ್ಗದರ್ಶಕರ ಜೊತೆ ಕೂತು ತೀರ್ಮಾನಿಸಿ. ಕೈಪಿಡಿಯ ಎಷ್ಟನೆಯ ಆವೃತ್ತಿ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಎಪಿಎ ಏಳನೆಯದು ಬಂದದ್ದು 2019ರಲ್ಲಿ, ಎಂಎಲ್‌ಎ ಒಂಬತ್ತನೆಯದು 2021ರಲ್ಲಿ, ಶಿಕಾಗೊ ಹದಿನೆಂಟನೆಯದು 2024ರಲ್ಲಿ. ಸೀನಿಯರ್ ಒಬ್ಬರ ಹಳೆಯ ಪ್ರಬಂಧವನ್ನು ಮಾದರಿಗೆ ಇಟ್ಟುಕೊಂಡರೆ ಹಳೆಯ ಆವೃತ್ತಿಯ ನಿಯಮಗಳೂ ಅದರ ಜೊತೆಗೇ ಬರುತ್ತವೆ. ಮೊದಲ ಅಧ್ಯಾಯ ಒಂದು ಕ್ರಮ, ಮೂರನೆಯದು ಇನ್ನೊಂದು ಎಂದಾಗ ಪರೀಕ್ಷಕರಿಗೆ ಬರುವ ಅನುಮಾನ ಕ್ರಮದ ಬಗ್ಗೆ ಅಲ್ಲ, ಆ ಅಧ್ಯಾಯವನ್ನು ಬರೆದವರು ಯಾರು ಎಂಬುದರ ಬಗ್ಗೆ.

3. ಹೆಸರನ್ನು ತಿರುಗಿಸುವ ಮುನ್ನ ಅದರ ಕಟ್ಟನ್ನು ನೋಡಿ

‘ಕುಲನಾಮ ಮೊದಲು’ ಎನ್ನುತ್ತವೆ ಕೈಪಿಡಿಗಳು. ಧಾರವಾಡದ ಕಡೆಗೆ ಇದು ಸಲೀಸು: ಬೇಂದ್ರೆ ದ.ರಾ., ಜೋಶಿ ಶಂ.ಬಾ., ಹಿರೇಮಠ ಆರ್.ಸಿ. ಹಳೆ ಮೈಸೂರಿನ ಕಡೆ ಬಂದರೆ ಕುಲನಾಮವೇ ಇಲ್ಲ. ಕುವೆಂಪು ಅವರನ್ನೇ ನೋಡಿ: ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಹೆಸರು. ಇಂಥಲ್ಲಿ ನಾನು ಪಾಲಿಸುವ ಸೂತ್ರ ಸರಳ: ಓದುಗರು ಪಟ್ಟಿಯಲ್ಲಿ ಯಾವ ಹೆಸರನ್ನು ಹುಡುಕುತ್ತಾರೋ ಅದು ಮೊದಲು, ಇನಿಶಿಯಲ್ ಆಮೇಲೆ. ಚಿದಾನಂದಮೂರ್ತಿ ಎಂ., ಶಿವರುದ್ರಪ್ಪ ಜಿ.ಎಸ್., ಅನಂತಮೂರ್ತಿ ಯು.ಆರ್. ಪಾಟೀಲ, ಕುಲಕರ್ಣಿ, ನಾಯಕ ಎಂಬ ಹೆಸರುಗಳು ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಇದ್ದೇ ಇರುತ್ತವೆ. ಅಲ್ಲಿ ಇನಿಶಿಯಲ್ ಬಿಡುವ ಹಾಗೇ ಇಲ್ಲ.

ಕಾವ್ಯನಾಮದ ವಿಷಯದಲ್ಲಿ ಒಳಪುಟದ ಶೀರ್ಷಿಕೆಯ ಕೆಳಗೆ ಅಚ್ಚಾದದ್ದೇ ಪ್ರಮಾಣ. ಕುವೆಂಪು, ತ್ರಿವೇಣಿ, ವೈದೇಹಿ ಎಂದೇ ದಾಖಲಿಸಿ. ಒಬ್ಬರೇ ಎರಡು ಹೆಸರಿನಲ್ಲಿ ಬರೆದಿದ್ದರೆ ಪಟ್ಟಿಯಲ್ಲಿ ಸೂಚನೆ ಕೊಡಿ. ಕನ್ನಡ ನಾಟಕಗಳ ಶ್ರೀರಂಗರೂ ಇಂಗ್ಲಿಷಿನಲ್ಲಿ ಭಾರತೀಯ ರಂಗಭೂಮಿಯ ಬಗ್ಗೆ ಬರೆದ ಆದ್ಯ ರಂಗಾಚಾರ್ಯರೂ ಒಬ್ಬರೇ ಎಂದು ತಿಳಿಯದ ಓದುಗ ಇಬ್ಬರು ಎಂದುಕೊಂಡಾನು. ‘ಆದ್ಯ ರಂಗಾಚಾರ್ಯ: ನೋಡಿ, ಶ್ರೀರಂಗ’ ಎಂಬ ಒಂದು ಸಾಲು ಸಾಕು.

ಈಗಿನ ತಲೆಮಾರಿನ ಹೆಸರುಗಳಲ್ಲಿ ಇನ್ನೊಂದು ತೊಂದರೆ. ಶಾಲೆಯ ದಾಖಲೆಯಲ್ಲಿ ‘ಮಂಜುನಾಥ ಎಚ್.ಕೆ.’ ಎಂದು ಇನಿಶಿಯಲ್ ಕೊನೆಗೆ ಇರುತ್ತದೆ. ಉಲ್ಲೇಖ ತಯಾರಿಸುವ ತಂತ್ರಾಂಶ ಕೊನೆಯಲ್ಲಿದ್ದದ್ದನ್ನೇ ಕುಲನಾಮ ಎಂದುಕೊಂಡು ಲೇಖಕರನ್ನು ‘ಕೆ., ಎಂ. ಎಚ್.’ ಮಾಡಿಬಿಡುತ್ತದೆ. ಜೊಟೆರೊದಂಥ ತಂತ್ರಾಂಶ ಬಳಸುವವರು ಹೆಸರಿಗೆ ಎರಡು ಖಾನೆಗಳ ಬದಲು ಒಂದೇ ಖಾನೆ ಆರಿಸಿ, ಪಟ್ಟಿಯಲ್ಲಿ ಹೇಗೆ ಬರಬೇಕೋ ಹಾಗೇ ತುಂಬಿದರೆ ಈ ಕಾಟ ತಪ್ಪುತ್ತದೆ.

ಇನ್ನು ಡಾ., ಪ್ರೊ., ಶ್ರೀಮತಿ ಯಾವುದೂ ಪಟ್ಟಿಗೆ ಬೇಡ. “ಗುರುಗಳ ಹೆಸರಿಗೆ ಡಾ. ಇಲ್ಲದೆ ಹೇಗೆ ಸಾರ್?” ಎಂದು ಸಂಕೋಚಪಡುವವರಿದ್ದಾರೆ. ಗೌರವವನ್ನು ಕೃತಜ್ಞತೆಯ ಪುಟದಲ್ಲಿ ಧಾರಾಳವಾಗಿ ಸಲ್ಲಿಸಿ. ಪಟ್ಟಿಯಲ್ಲಿ ಆ ಒಂದಕ್ಷರ ಇದ್ದರೆ ಅಕಾರಾದಿಯಲ್ಲಿ ಅರ್ಧ ಕರ್ನಾಟಕವೇ ‘ಡ’ಕಾರಕ್ಕೆ ಬಂದು ಬೀಳುತ್ತದೆ.

4. ಪ್ರಸಾರಾಂಗ ಎಂದರೆ ಯಾವ ಊರಿನದು?

ಎಪಿಎ, ಎಂಎಲ್‌ಎ, ಶಿಕಾಗೊ ಮೂರೂ ಪ್ರಕಟಣೆಯ ಊರಿನ ಹೆಸರನ್ನು ಈಗ ಕೈಬಿಟ್ಟಿವೆ. ದೊಡ್ಡ ಪ್ರಕಾಶಕರು ಹತ್ತು ನಗರಗಳಲ್ಲಿ ಕಚೇರಿ ಇಟ್ಟಿರುವಾಗ ಅವರಿಗೆ ಅದು ಸರಿ. ಕನ್ನಡದಲ್ಲಿ ಊರು ಬಿಟ್ಟರೆ ಕೆಡುತ್ತದೆ. ಮೈಸೂರು, ಬೆಂಗಳೂರು, ಧಾರವಾಡ, ಹಂಪಿ ವಿಶ್ವವಿದ್ಯಾಲಯಗಳೆಲ್ಲ ಪುಸ್ತಕ ತಂದದ್ದು ‘ಪ್ರಸಾರಾಂಗ’ದ ಹೆಸರಿನಲ್ಲೇ. ‘ಪ್ರಸಾರಾಂಗ, 1975’ ಎಂದು ಬರೆದರೆ ಓದುಗ ಯಾವ ಬಸ್ಸು ಹತ್ತಬೇಕು? ವಿಶ್ವವಿದ್ಯಾಲಯದ ಹೆಸರನ್ನೂ ಊರನ್ನೂ ಸೇರಿಸಿ.

ಸಣ್ಣ ಪ್ರಕಾಶಕರಿಗೂ ಇದೇ ಮಾತು. ಮನೋಹರ ಗ್ರಂಥಮಾಲೆ ಎಂದರೆ ಧಾರವಾಡ, ಅಕ್ಷರ ಪ್ರಕಾಶನ ಎಂದರೆ ಹೆಗ್ಗೋಡು ಎಂದು ಸಾಹಿತ್ಯದವರಿಗೆ ಗೊತ್ತು. ಲೇಖಕರೇ ಹಣ ಹಾಕಿ, ಮನೆಮಂದಿಯ ಹೆಸರಿನಲ್ಲಿ ಪ್ರಕಾಶನ ಮಾಡಿ ತಂದ ಪುಸ್ತಕಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳ ಜಾಡು ಹಿಡಿಯುವುದು ಊರಿನ ಹೆಸರಿನಿಂದಲೇ. ಕೈಪಿಡಿ ಬೇಡ ಎಂದರೂ ಕನ್ನಡ ಪುಸ್ತಕಕ್ಕೆ ಊರು ಬರೆಯುತ್ತೇವೆ ಎಂಬ ಟಿಪ್ಪಣಿಯನ್ನು ಪೀಠಿಕೆಯಲ್ಲಿ ಹಾಕಿದರೆ ಯಾರೂ ತಕರಾರು ಎತ್ತುವುದಿಲ್ಲ.

5. ರಕ್ಷಾಪುಟ ನಂಬಬೇಡಿ, ಮುದ್ರಣದ ವಿವರ ಇರುವ ಪುಟ ತೆರೆಯಿರಿ

ಶೀರ್ಷಿಕೆಯನ್ನು ಒಳಪುಟದಿಂದ ತೆಗೆದುಕೊಳ್ಳಿ. ರಕ್ಷಾಪುಟದ ಮೇಲೆ ಉಪಶೀರ್ಷಿಕೆ ಬಿಟ್ಟುಹೋಗಿರುತ್ತದೆ. ವರ್ಷಕ್ಕೆ ಆ ಒಳಪುಟದ ಹಿಂಬದಿ ನೋಡಿ. ಮೊದಲ ಮುದ್ರಣ, ಎರಡನೆಯ ಮುದ್ರಣ, ಪರಿಷ್ಕೃತ ಆವೃತ್ತಿ ಎಂಬ ಸಾಲುಗಳು ಅಲ್ಲಿರುತ್ತವೆ. ಮರುಮುದ್ರಣದಲ್ಲಿ ಮಾತು ಅದೇ ಇರಬಹುದು, ಪುಟ ಬದಲಾಗಿರುತ್ತದೆ. ಪರಿಷ್ಕೃತ ಆವೃತ್ತಿಯಲ್ಲಿ ಮಾತೇ ಬದಲಾಗಿರಬಹುದು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919, 1929ರಲ್ಲಿ ಬಂದವು, ಆಮೇಲೆ ಪುನರ್ಮುದ್ರಣಗಳಾದವು. ಸಂಪುಟ, ಮುದ್ರಣ ಎರಡನ್ನೂ ಹೇಳದೆ ಅದರಿಂದ ಪುಟಸಂಖ್ಯೆ ಕೊಟ್ಟು ಉಪಯೋಗವಿಲ್ಲ.

ವಾದದಲ್ಲಿ ಕಾಲಕ್ರಮ ಮುಖ್ಯವಾದರೆ ಮೊದಲ ಪ್ರಕಟಣೆಯ ವರ್ಷವೂ ಬೇಕು. ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಅದರ ಈಚಿನ ಮುದ್ರಣ ಓದಿ ಆವರಣದಲ್ಲಿ ಬರೀ ಆ ವರ್ಷ ಬರೆದವರು ಕೆಳಗಿನ ವಾಕ್ಯದಲ್ಲಿ ‘ಇದಕ್ಕೂ ಮುಂಚೆ ಬಂದ ಸಂಸ್ಕಾರ’ ಎಂದುಬಿಡುತ್ತಾರೆ. ‘ಸಂಸ್ಕಾರ’ 1965ರದು. ಎರಡೂ ವರ್ಷಗಳನ್ನು ಗೆರೆ ಹಾಕಿ, ಮೊದಲನೆಯದನ್ನು ಮುಂದಿಟ್ಟು ಬರೆದರೆ ಇಂಥ ಎಡವಟ್ಟು ಆಗುವುದಿಲ್ಲ.

ಹಳೆಯ ಪುಸ್ತಕ, ಪಂಚಾಂಗ, ಪತ್ರಿಕೆಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇರುವುದುಂಟು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ: ಕ್ರೋಧಿ ಎಂದರೆ 1964–65ರದೂ ಆದೀತು, 2024–25ರದೂ ಆದೀತು. ಯುಗಾದಿಯಿಂದ ಯುಗಾದಿಗೆ ಎಣಿಸುವುದರಿಂದ ಎರಡು ಇಸವಿಗಳಲ್ಲಿ ಹರಡಿರುತ್ತದೆ. ಶಕವರ್ಷವಿದ್ದರೆ 78 ಕೂಡಿಸಿ, ತಿಂಗಳು ವರ್ಷದ ಕೊನೆಯಲ್ಲಿದ್ದರೆ 79. ಮೂಲದಲ್ಲಿದ್ದದ್ದನ್ನು ಹಾಗೇ ಬರೆದು, ನೀವು ಲೆಕ್ಕ ಹಾಕಿದ ಇಸವಿಯನ್ನು ಚೌಕ ಆವರಣದಲ್ಲಿ ಕೊಡಿ. ವರ್ಷವೇ ಇಲ್ಲದಿದ್ದರೆ ‘ವರ್ಷ ನಮೂದಾಗಿಲ್ಲ’ ಎನ್ನಿ. ಊಹೆಯ ಇಸವಿ ತುಂಬಬೇಡಿ.

6. ವಚನ, ಪದ್ಯ, ಶಾಸನಕ್ಕೆ ಪುಟಸಂಖ್ಯೆ ಸಾಲದು

ಹಳಗನ್ನಡ, ನಡುಗನ್ನಡ ಪಠ್ಯಗಳನ್ನು ಯಾರ ಬಳಿ ಯಾವ ಮುದ್ರಣ ಇದೆಯೋ ಹೇಳಲಾಗದು. ಆದ್ದರಿಂದ ಮುದ್ರಣ ಬದಲಾದರೂ ಬದಲಾಗದ ಗುರುತನ್ನು ಕೊಡಬೇಕು. ಪಂಪಭಾರತಕ್ಕೆ ಆಶ್ವಾಸ, ಪದ್ಯಸಂಖ್ಯೆ. ಪದ್ಯದ ನಂತರದ ಗದ್ಯಭಾಗವಾದರೆ ಆ ಸಂಖ್ಯೆಯ ಮುಂದೆ ‘ವ’ ಸೇರಿಸುವುದು ವಾಡಿಕೆ. ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ. ಕವಿರಾಜಮಾರ್ಗಕ್ಕೆ ಪರಿಚ್ಛೇದ, ಪದ್ಯ. ಅದರ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯಲ್ಲಿ ನಿಮ್ಮ ನಿಲುವು ಏನೇ ಇರಲಿ, ಪಟ್ಟಿಯಲ್ಲಿ ಸಂಪಾದಕರ ಹೆಸರಿನಿಂದ ದಾಖಲಿಸಿ. ಚರ್ಚೆಯನ್ನು ಅಧ್ಯಾಯದೊಳಗೆ ಮಾಡಿ.

ವಚನಗಳಲ್ಲಿ ಸಂಖ್ಯೆಯೂ ಸ್ಥಿರವಲ್ಲ. ಬಸವಣ್ಣನವರ ಒಂದು ವಚನ ಶಿ.ಶಿ. ಬಸವನಾಳರ ಸಂಪಾದನೆಯಲ್ಲಿ, ಎಲ್. ಬಸವರಾಜು ಅವರದರಲ್ಲಿ, ಸರ್ಕಾರ 1993ರಲ್ಲಿ ತಂದ ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ದಲ್ಲಿ ಬೇರೆ ಬೇರೆ ಕಡೆ ಇರಬಹುದು, ಪಾಠವೂ ಅಲ್ಲಲ್ಲಿ ಬೇರೆ. ಆದ್ದರಿಂದ ಸಂಪಾದನೆಯ ಹೆಸರು, ವಚನಸಂಖ್ಯೆ, ಜೊತೆಗೆ ವಚನದ ಮೊದಲ ಮಾತುಗಳು, ಇಷ್ಟೂ ಬೇಕು. ಸಮಗ್ರ ಸಂಪುಟಗಳಲ್ಲಿ ಪ್ರಧಾನ ಸಂಪಾದಕರು ಕಲಬುರ್ಗಿಯವರು. ಒಂದೊಂದು ಸಂಪುಟಕ್ಕೆ ಅದರದೇ ಸಂಪಾದಕರು ಇದ್ದಾರೆ. ಅಕ್ಕಮಹಾದೇವಿಯ ವಚನ ಬೇಕಾದರೆ ಐದನೆಯದಾದ ಶಿವಶರಣೆಯರ ಸಂಪುಟಕ್ಕೆ ಹೋಗಬೇಕು, ಅದನ್ನು ಸಂಪಾದಿಸಿದವರು ವೀರಣ್ಣ ರಾಜೂರ. ಎಲ್ಲವನ್ನೂ ಪ್ರಧಾನ ಸಂಪಾದಕರ ಖಾತೆಗೆ ಹಾಕಿದರೆ ಉಳಿದವರ ದುಡಿಮೆ ಅಳಿಸಿಹೋಗುತ್ತದೆ.

ಶಾಸನಗಳಲ್ಲಿ ಇನ್ನೂ ಎಚ್ಚರ ಬೇಕು. ‘ಎಪಿಗ್ರಾಫಿಯಾ ಕರ್ನಾಟಿಕ’ವನ್ನು ಬಿ.ಎಲ್. ರೈಸ್ 1886ರಿಂದ ಹೊರತಂದರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತಂದಿತು. ಎರಡರ ಸಂಪುಟ ವಿಂಗಡಣೆ ಬೇರೆ. ‘ಎ.ಕ. 9’ ಎಂದರೆ ಹಳೆಯದರಲ್ಲಿ ಬೆಂಗಳೂರು ಜಿಲ್ಲೆ, ಹೊಸದರಲ್ಲಿ ಬೇಲೂರು ತಾಲ್ಲೂಕು. ಶ್ರವಣಬೆಳಗೊಳದ ಸಂಪುಟವಂತೂ ಮೂರು ಸಲ ಬಂದಿದೆ: 1889ರಲ್ಲಿ ರೈಸ್ ಕೊಟ್ಟದ್ದು 144 ಶಾಸನ, 1923ರಲ್ಲಿ ನರಸಿಂಹಾಚಾರ್ಯರು ಕೊಟ್ಟದ್ದು 500, 1973ರಲ್ಲಿ ಅದು 573 ಆಯಿತು. ಶಾಸನಗಳ ಕ್ರಮಸಂಖ್ಯೆಗಳೂ ಬದಲಾದವು. ಯಾವ ಆವೃತ್ತಿ ಎಂದು ಹೇಳದೆ ‘ಶ್ರ.ಬೆ. 59’ ಎಂದರೆ ಓದುಗ ಬೇರೆ ಬಂಡೆಯ ಮುಂದೆ ಹೋಗಿ ನಿಲ್ಲುತ್ತಾನೆ. ಸಂಪುಟ, ‘ಪರಿಷ್ಕೃತ’ ಎಂಬ ಗುರುತು, ತಾಲ್ಲೂಕು, ಶಾಸನಸಂಖ್ಯೆ, ಊರು, ಕಾಲ: ಈ ಆರನ್ನೂ ಮೊದಲ ಉಲ್ಲೇಖದಲ್ಲಿ ಕೊಟ್ಟು, ಆಮೇಲೆ ಚಿಕ್ಕದು ಮಾಡಿ.

7. ‘ಸಂ.’ ಎಂದು ಬರೆದರೆ ಯಾರಿಗೂ ಗೊತ್ತಾಗದು

ಸಂಪಾದಕ, ಸಂಪುಟ, ಸಂಚಿಕೆ, ಸಂಖ್ಯೆ, ಸಂಗ್ರಹ, ಎಲ್ಲಕ್ಕೂ ನಮ್ಮವರು ‘ಸಂ.’ ಬರೆಯುತ್ತಾರೆ. ‘ಸಂ. 3, ಸಂ. 2’ ಎಂದಾಗ ಮೂರನೆಯ ಸಂಪುಟದ ಎರಡನೆಯ ಸಂಚಿಕೆಯೋ ಅದರ ತಿರುಗುಮುರುಗೋ? 1919ರಲ್ಲಿ ಶುರುವಾದ ‘ಪ್ರಬುದ್ಧ ಕರ್ನಾಟಕ’ದಂಥ ಪತ್ರಿಕೆಯ ಹಳೆಯ ಲೇಖನ ಹುಡುಕುವವರಿಗೆ ಆ ವ್ಯತ್ಯಾಸವೇ ಎಲ್ಲ. ‘ಸಂ.’ ಸಂಪಾದಕರಿಗೆ ಮೀಸಲಿಡಿ. ಸಂಪುಟ, ಸಂಚಿಕೆಗಳನ್ನು ಪೂರ್ತಿ ಬರೆಯಿರಿ. ಸಂಕ್ಷೇಪಗಳ ಪಟ್ಟಿಯೊಂದನ್ನು ಪ್ರಬಂಧದ ಮೊದಲಲ್ಲೇ ಕೊಡಿ.

‘ಅದೇ’, ‘ಪೂರ್ವೋಕ್ತ’ಗಳ ಕಾಲ ಮುಗಿಯುತ್ತ ಬಂದಿದೆ. ಕೈಬರಹದ ಕಾಲದಲ್ಲಿ ಅವು ಶ್ರಮ ಉಳಿಸುತ್ತಿದ್ದವು. ಈಗ ಅಧ್ಯಾಯದ ನಡುವೆ ಒಂದು ಪ್ಯಾರಾ ಸೇರಿಸಿದರೆ ಅಡಿಟಿಪ್ಪಣಿಯ ಅಂಕಿ ತಾನಾಗಿ ಸರಿಯುತ್ತದೆ, ‘ಅದೇ’ ಮಾತ್ರ ಹೊಸದಾಗಿ ಬಂದ ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ. ಶಿಕಾಗೊ ಕೈಪಿಡಿಯೂ 2017ರ ಆವೃತ್ತಿಯಲ್ಲಿ ಇದರ ಬದಲು ಚಿಕ್ಕ ರೂಪವನ್ನೇ ಒಪ್ಪಿತು: ಲೇಖಕ, ಮೊಟಕು ಮಾಡಿದ ಶೀರ್ಷಿಕೆ, ಪುಟ. ಎರಡನೆಯ ಸಲದಿಂದ ಅಷ್ಟೇ ಬರೆಯಿರಿ.

8. ಯಾವುದನ್ನು ಓದಿದ್ದೀರೋ ಅದನ್ನೇ ಹೇಳಿ

ಕಿಟ್ಟೆಲ್ 1894ರ ನಿಘಂಟಿನಲ್ಲಿ ಹೀಗೆ ಹೇಳಿದ್ದಾನೆ ಎಂದು ಬರೆಯುತ್ತೀರಿ, ಓದಿದ್ದು ಬೇರೊಬ್ಬರ ಲೇಖನದಲ್ಲಿ. ಆಗ ‘ಉದ್ಧೃತ’ ಎಂದು ಸೇರಿಸಿ ಆ ಲೇಖನವನ್ನು ಹೆಸರಿಸಿ. ಪಟ್ಟಿಗೂ ಆ ಲೇಖನವೇ ಹೋಗಬೇಕು. ನಡುವಿನವರು ಪುಟಸಂಖ್ಯೆ ತಪ್ಪು ಹಾಕಿದ್ದರೆ ಆ ತಪ್ಪು ನಿಮ್ಮ ಪ್ರಬಂಧಕ್ಕೂ ಬರುತ್ತದೆ. ಮೂರು ನಾಲ್ಕು ಮಹಾಪ್ರಬಂಧಗಳಲ್ಲಿ ಒಂದೇ ತಪ್ಪು ಪುಟಸಂಖ್ಯೆ ಸಾಲಾಗಿ ಕಂಡರೆ ಯಾರು ಯಾರಿಂದ ತೆಗೆದುಕೊಂಡರು ಎಂದು ಪರೀಕ್ಷಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅನುವಾದದಲ್ಲೂ ಇದೇ. ‘ಸಂಸ್ಕಾರ’ವನ್ನು ಎ.ಕೆ. ರಾಮಾನುಜನ್ ಅವರ 1976ರ ಇಂಗ್ಲಿಷ್ ರೂಪದಲ್ಲಿ ಓದಿದ್ದರೆ ಅನುವಾದಕರ ಹೆಸರು ಬರಲೇಬೇಕು. ಇಂಗ್ಲಿಷ್ ಸಾಲನ್ನು ನೀವೇ ಕನ್ನಡಕ್ಕೆ ತಂದಿದ್ದರೆ ಅಡಿಯಲ್ಲಿ ‘ಅನುವಾದ ನನ್ನದು’ ಎನ್ನಿ. ಪಟ್ಟಿಯನ್ನು ಆಕರ ಗ್ರಂಥ, ಪರಾಮರ್ಶನ ಗ್ರಂಥ ಎಂದು ಒಡೆಯುವ ನಮ್ಮ ರೂಢಿ ಒಳ್ಳೆಯದು. ಆದರೆ ಪ್ರಬಂಧದಲ್ಲಿ ಎಲ್ಲೂ ಬಳಸದ ಪುಸ್ತಕಗಳನ್ನು ತುಂಬಿ ಎರಡನೆಯದನ್ನು ಉಬ್ಬಿಸಬೇಡಿ. ವೈವಾದಲ್ಲಿ ಪರೀಕ್ಷಕರ ಬೆರಳು ಹೋಗಿ ನಿಲ್ಲುವುದು ಅಂಥದರ ಮೇಲೆಯೇ.

9. ಹಾಡಿದವರ ಹೆಸರು ಮೊದಲು

ಜನಪದ ಸಂಶೋಧನೆಯಲ್ಲಿ ಸಂಗ್ರಹಕಾರರು ಮಾತ್ರ ಪಟ್ಟಿಯಲ್ಲಿ ಉಳಿದು, ಹಾಡಿದವರು ಮಾಯವಾಗುತ್ತಾರೆ. ಮಲೆ ಮಾದೇಶ್ವರ ಕಾವ್ಯವನ್ನು ಒಬ್ಬ ಕಂಸಾಳೆ ಕಲಾವಿದ ಹಾಡಿದ ಹಾಗೆ ಇನ್ನೊಬ್ಬರು ಹಾಡುವುದಿಲ್ಲ, ಪಠ್ಯ ಅವರದು. ನೀವೇ ಕ್ಷೇತ್ರಕಾರ್ಯ ಮಾಡಿದ್ದರೆ ಹಾಡಿದವರ ಅಥವಾ ಮಾತಾಡಿದವರ ಹೆಸರು, ಊರು, ದಿನಾಂಕ, ಧ್ವನಿಮುದ್ರಣ ಎಲ್ಲಿ ಇಟ್ಟಿದ್ದೀರಿ ಎಂಬ ವಿವರ ಬೇಕು. ಹೆಸರು ಹಾಕಲು ಅವರ ಒಪ್ಪಿಗೆ ಕೇಳಿ. ಬೇಡ ಎಂದರೆ ‘ವಕ್ತೃ 1’ ಎಂಬ ಸಂಕೇತ ಬಳಸಿ, ಪಟ್ಟಿಯನ್ನು ಬೇರೆಯಾಗಿ ಕಾಪಾಡಿ. ಫೋನ್ ನಂಬರು, ಮನೆ ವಿಳಾಸ ಅನುಬಂಧಕ್ಕೂ ಬೇಡ; ಪ್ರಬಂಧ ನಾಳೆ ಶೋಧಗಂಗಾದಲ್ಲಿ ಎಲ್ಲರ ಕೈಗೂ ಸಿಗುತ್ತದೆ.

10. ಪರದೆಯ ಮೇಲೆ ಕಂಡದ್ದನ್ನು ಎರಡು ಸಲ ನೋಡಿ

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳು ಈಗ ಮನೆಯಲ್ಲೇ ಸಿಗುತ್ತವೆ. ಪಿಡಿಎಫ್ ತೋರಿಸುವ ಪುಟಸಂಖ್ಯೆ ಬೇರೆ, ಪುಸ್ತಕದಲ್ಲಿ ಅಚ್ಚಾದದ್ದು ಬೇರೆ, ಅಚ್ಚಾದದ್ದನ್ನೇ ಕೊಡಿ. ಕಡತದ ಹೆಸರಿನಲ್ಲಿರುವ ಇಸವಿ, ಲೇಖಕರ ಹೆಸರುಗಳು ಎಷ್ಟೋ ಸಲ ತಪ್ಪಿರುತ್ತವೆ. ಸ್ಕ್ಯಾನಿನ ಒಳಪುಟಕ್ಕೆ ಹೋಗಿ ನೋಡಿಯೇ ಬರೆಯಿರಿ. ಜಾಲತಾಣದ ಲೇಖನಕ್ಕೆ ಲೇಖಕ, ಶೀರ್ಷಿಕೆ, ತಾಣದ ಹೆಸರು, ಪ್ರಕಟವಾದ ದಿನ, ಕೊಂಡಿ, ನೋಡಿದ ದಿನ. ದಿನಪತ್ರಿಕೆಗೆ ಯಾವ ಊರಿನ ಆವೃತ್ತಿ ಎಂಬುದೂ ಬೇಕು. ಹುಬ್ಬಳ್ಳಿ ಆವೃತ್ತಿಯ ಐದನೆಯ ಪುಟದ ಸುದ್ದಿ ಬೆಂಗಳೂರಿನದರಲ್ಲಿ ಇಲ್ಲದೇ ಇರಬಹುದು.

ಎಐ ಸಹಾಯಕರಿಂದ ಪಟ್ಟಿ ಬರೆಸಿ ತರುವುದು ಹೊಸ ಕಾಯಿಲೆ. ಲೇಖಕರು ನಿಜ, ಪ್ರಕಾಶನ ನಿಜ, ಇಸವಿ ನಂಬುವ ಹಾಗಿದೆ, ಪುಸ್ತಕ ಮಾತ್ರ ಎಲ್ಲೂ ಇಲ್ಲ. ಕನ್ನಡದ ವಿಷಯದಲ್ಲಿ ಇದು ಹೆಚ್ಚು. ಕೈಯಲ್ಲಿ ಹಿಡಿಯದ, ಒಳಪುಟದ ಸ್ಕ್ಯಾನ್ ಆದರೂ ನೋಡದ ಪುಸ್ತಕಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ ಎಂಬ ನಿಯಮ ಹಾಕಿಕೊಂಡರೆ ಈ ಕಾಯಿಲೆ ಹತ್ತಿರ ಸುಳಿಯುವುದಿಲ್ಲ.

11. ಅಕಾರಾದಿಯನ್ನು ಕಂಪ್ಯೂಟರಿಗೆ ಬಿಟ್ಟು ಏಳಬೇಡಿ

ಪಟ್ಟಿಯನ್ನು ಆರಿಸಿ ‘ಸಾರ್ಟ್’ ಒತ್ತಿದರೆ ಕೆಲಸ ಮುಗಿಯಿತು ಎನ್ನುವಂತಿಲ್ಲ. ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ‘ಳ’ ಇರುವುದು ‘ಲ’ದ ಪಕ್ಕದಲ್ಲಿ, ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಬರೀ ಸಂಕೇತದ ಕ್ರಮ ಹಿಡಿಯುವ ತಂತ್ರಾಂಶ ಬಳಿಗಾರರನ್ನು ಬಸವರಾಜು ಅವರಿಗಿಂತ ಮೊದಲು ತಂದು ಕೂರಿಸುತ್ತದೆ. ಅನುಸ್ವಾರವೂ ಹಾಗೇ: ‘ಕಂಬಾರ’ ಎಂಬುದು ‘ಕಕ್ಕಿಲ್ಲಾಯ’ಕ್ಕೆ ಮೊದಲೋ ಆಮೇಲೋ ಎಂಬುದನ್ನು ನೀವು ನಿರ್ಧರಿಸಿ, ಪಟ್ಟಿಯುದ್ದಕ್ಕೂ ಅದನ್ನೇ ಪಾಲಿಸಿ. ‘ಎಂ.’, ‘ಎಮ್.’ ಎಂದು ಒಂದೇ ಇನಿಶಿಯಲನ್ನು ಎರಡು ಬಗೆಯಲ್ಲಿ ಬರೆದಿದ್ದರೆ ಒಬ್ಬರೇ ಲೇಖಕರು ಇಬ್ಬರಾಗುತ್ತಾರೆ.

ಡಿಟಿಪಿ ಅಂಗಡಿಯಲ್ಲಿ ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಆಗಿದ್ದರಂತೂ ಸಾರ್ಟ್ ಮಾಡಲೇಬಾರದು. ಪರದೆಯ ಮೇಲೆ ಕನ್ನಡ ಕಂಡರೂ ಹಿಂದಿರುವುದು ರೋಮನ್ ಅಕ್ಷರಗಳ ಸಂಕೇತ, ಕ್ರಮ ಚೆಲ್ಲಾಪಿಲ್ಲಿಯಾಗುತ್ತದೆ. ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಟೈಪ್ ಮಾಡಿ. ನಿಮ್ಮ ಪ್ರಬಂಧ ಮುಂದೆ ಹುಡುಕಾಟದಲ್ಲಿ ಸಿಗಬೇಕಾದರೂ ಅದು ಬೇಕು.

12. ಹತ್ತರ ಲೆಕ್ಕಕ್ಕೆ ಹೆದರಿ ಟಿಪ್ಪಣಿ ಕಡಿಮೆ ಮಾಡಬೇಡಿ

ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ತಂದ ನಿಯಮದಂತೆ ಹೋಲಿಕೆ ಶೇಕಡ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರೊಳಗಿದ್ದರೆ ಆರು ತಿಂಗಳ ಮಿತಿಯಲ್ಲಿ ತಿದ್ದಿ ಕೊಡಬೇಕು. 40ರಿಂದ 60ಕ್ಕೆ ಒಂದು ವರ್ಷ ಪರಿಷ್ಕೃತ ಪ್ರತಿ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಇದನ್ನು ಕೇಳಿ ಕೆಲವರು ಉಲ್ಲೇಖಗಳನ್ನೇ ಕಿತ್ತುಹಾಕುತ್ತಾರೆ. ಅದೇ ನಿಯಮ, ಮೂಲ ಹೇಳಿ ಉದ್ಧರಿಸಿದ ಭಾಗವನ್ನೂ ಗ್ರಂಥಸೂಚಿಯನ್ನೂ ಈ ಲೆಕ್ಕದಿಂದ ಹೊರಗಿಡುತ್ತದೆ. ಉದ್ಧರಣ ಚಿಹ್ನೆ, ಅಡಿಟಿಪ್ಪಣಿ ಇದ್ದರೆ ಅವೇ ನಿಮ್ಮನ್ನು ಕಾಪಾಡುತ್ತವೆ. ಇನ್ನೊಬ್ಬರ ವಾದವನ್ನು ಪದ ಬದಲಿಸಿ, ಟಿಪ್ಪಣಿಯಿಲ್ಲದೆ ಬರೆದರೆ ತಂತ್ರಾಂಶ ಸೊನ್ನೆ ತೋರಿಸಿದರೂ ಅದು ಕಳವೇ. ಹಳೆಯ ಫಾಂಟಿನ ಕನ್ನಡವನ್ನು ಓದಲಾಗದೆ ತಂತ್ರಾಂಶ ಕೊಟ್ಟ ಕಡಿಮೆ ಅಂಕಿಯನ್ನು ಪ್ರಮಾಣಪತ್ರ ಎಂದುಕೊಳ್ಳಬೇಡಿ.

13. ಬೈಂಡಿಂಗಿಗೆ ಕೊಡುವ ಮುನ್ನ ಮೂರು ಕೆಲಸ

ಮೊದಲನೆಯದು, ಪೆನ್ಸಿಲ್ ಹಿಡಿದು ಅಡಿಟಿಪ್ಪಣಿಯಲ್ಲಿರುವ ಒಂದೊಂದು ಪುಸ್ತಕವನ್ನೂ ಪಟ್ಟಿಯಲ್ಲಿ ಗುರುತು ಹಾಕುತ್ತ ಹೋಗಿ. ಕೊನೆಗೆ ಗುರುತು ಬೀಳದೆ ಉಳಿದವು ಯಾಕೆ ಅಲ್ಲಿವೆ ಎಂದು ಕೇಳಿಕೊಳ್ಳಿ. ಪಟ್ಟಿಯಲ್ಲಿ ಸಿಗದವನ್ನು ಸೇರಿಸಿ. ಎರಡನೆಯದು, ಉದ್ಧರಣೆಗಳನ್ನು ಮೂಲ ಪುಸ್ತಕ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಓದಿ. ಟೈಪ್ ಮಾಡಿದವರು ಹಳಗನ್ನಡದ ‘ಱ’ವನ್ನು ‘ರ’ ಮಾಡಿರುತ್ತಾರೆ. ಪದ್ಯವನ್ನು ಗದ್ಯದಂತೆ ಹರಿಬಿಟ್ಟಿರುತ್ತಾರೆ. ಮೂರನೆಯದು, ನಿಮ್ಮ ವಿಷಯ ಗೊತ್ತಿಲ್ಲದ ಗೆಳೆಯರೊಬ್ಬರಿಗೆ ಒಂದೊಂದು ಅಧ್ಯಾಯದಿಂದ ಒಂದು ಟಿಪ್ಪಣಿ ಕೊಟ್ಟು ಹುಡುಕಿಸಿ. ಅವರು ವಾಪಸ್ಸು ಬಂದು ಕೇಳುವ ಪ್ರಶ್ನೆ ಯಾವುದೋ, ಆ ಟಿಪ್ಪಣಿಯಲ್ಲಿ ಬಿಟ್ಟುಹೋದ ವಿವರವೂ ಅದೇ.

ಈ ಮೂರಕ್ಕೂ ಸೇರಿ ಒಂದು ವಾರ ಬೇಕು. ಸಲ್ಲಿಸುವ ದಿನದಿಂದ ಹಿಂದಕ್ಕೆ ಎಣಿಸಿ, ಆ ವಾರವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಡಿಟಿಪಿ ಅಂಗಡಿಯವರು, ಮಾರ್ಗದರ್ಶಕರು, ಕಚೇರಿಯ ಗುಮಾಸ್ತರು ಎಲ್ಲರೂ ನಿಮ್ಮಿಂದ ಕಿತ್ತುಕೊಳ್ಳಲು ನೋಡುವುದು ಅದೇ ವಾರವನ್ನು.